ನಾಲ್ಕು ಬೆರಳಿನ ಹೊಲಿಗೆ

ನಲವತ್ತೆರಡನೇ ನಂಬರಿನ ಲಕೋಟೆಯಲ್ಲಿ, ಬಟ್ಟೆಯ ಮೇಲಿಟ್ಟು ಕತ್ತರಿಸಿಕೊಳ್ಳಲು ಎಂಟು ತುಂಡು ಕಾಗದ ಇರುತ್ತದೆ. ಮುಂಭಾಗ ಎರಡು, ಬೆನ್ನು ಒಂದು, ತೋಳು ಎರಡು, ಕಾಲರಿಗೆ ಎರಡು, ಜೇಬು ಒಂದು. ಲಕೋಟೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತ ಗಂಡಸಿನ ಚಿತ್ರ, ಅದರ ಕೆಳಗೆ ‘ಗಂಡಸರ ಅರ್ಧ ತೋಳಿನ ಅಂಗಿ, ಸುಲಭ’ ಎಂದು ಅಚ್ಚಾಗಿದೆ. ಸುಲಭ ಎಂದು ಬರೆದವನು ಜನ್ಮದಲ್ಲಿ ಒಂದು ತೋಳು ಕೂಡಿಸಿದವನಲ್ಲ ಎಂದು ಸಂಕಮ್ಮ ಹೇಳುತ್ತಾರೆ. ಅವರ ಕಾಗದದ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷದಿಂದ ಇದ್ದೇನೆ. ಗೋಡೆಯ ಉದ್ದಕ್ಕೂ ಮರದ ಗೂಡುಗಳು, ಒಂದೊಂದು ಗೂಡಿನಲ್ಲಿ ಒಂದೊಂದು ನಂಬರು. ಬಂದವರು ‘ಹದಿನೇಳು ಕೊಡಿ’ ಅನ್ನುತ್ತಾರೆ, ನಾನು ತೆಗೆದು ಕೊಡುತ್ತೇನೆ. ಮಾತು ಅಷ್ಟಕ್ಕೇ ಮುಗಿಯುತ್ತದೆ. ನನ್ನಂಥವಳಿಗೆ ಅದಕ್ಕಿಂತ ಒಳ್ಳೆಯ ಕೆಲಸ ಸಿಕ್ಕುತ್ತಿರಲಿಲ್ಲ.

ನಮ್ಮೂರಿನಲ್ಲಿ ದರ್ಜಿಗಳಿಲ್ಲ. ಇನ್ನೊಬ್ಬರು ಹೊಲಿದ ಬಟ್ಟೆ ಮೈಮೇಲಿದ್ದರೆ ದೀಪ ಹಚ್ಚುವ ಹೊತ್ತಿಗೆ ಬಿಚ್ಚಿಕೊಳ್ಳುತ್ತದೆ. ಹರಿಯುವುದಿಲ್ಲ. ದಾರ ತಾನಾಗಿ ಸಡಿಲವಾಗಿ ಹೊರಗೆ ಬರುತ್ತದೆ, ತುಂಡುಗಳು ಕತ್ತರಿಸಿದ ದಿನ ಹೇಗಿದ್ದವೋ ಹಾಗೇ ಕಾಲ ಬಳಿ ಬೀಳುತ್ತವೆ. ಮಡಿಸಿ ಪೆಟ್ಟಿಗೆಯಲ್ಲಿಟ್ಟರೆ ಏನೂ ಆಗುವುದಿಲ್ಲ, ಮೈಮೇಲಿದ್ದರೆ ಮಾತ್ರ. ಹಾಗಾಗಿ ಅವರವರ ಬಟ್ಟೆ ಅವರವರೇ ಹೊಲಿದುಕೊಳ್ಳುತ್ತಾರೆ. ಪೋಸ್ಟ್ ಮಾಸ್ತರರು ಕಾಗದ ಬಟವಾಡೆ ಮುಗಿಸಿ ಮಧ್ಯಾಹ್ನ ತಮ್ಮ ಅಂಗಿಗೆ ಕಾಜಾ ಕಟ್ಟುತ್ತಾ ಕೂತಿರುತ್ತಾರೆ. ಮದುಮಗನನ್ನು ನೋಡಲು ಬಂದವರು ಮೊದಲು ಅವನ ಕಾಲರಿನ ತುದಿ ನೋಡುತ್ತಾರೆ. ಕೈ ನಡುಗಲು ಶುರುವಾದ ಮೇಲೆ ಗಂಡಸರು ಪಂಚೆ ಶಾಲಿಗೆ ಇಳಿಯುತ್ತಾರೆ, ಹೆಂಗಸರು ಬರೀ ಸೀರೆಯನ್ನು ಮೈತುಂಬ ಸುತ್ತಿಕೊಳ್ಳುತ್ತಾರೆ. ‘ಹೊಲಿಗೆ ಬಿಟ್ಟರು’ ಎಂದರೆ ನಮ್ಮಲ್ಲಿ ಮುದುಕರಾದರು ಎಂದು ಅರ್ಥ.

ಕತ್ತರಿಸಲು ಅಡ್ಡಿಯಿಲ್ಲ. ಯಾರು ಬೇಕಾದರೂ ಯಾರಿಗೆ ಬೇಕಾದರೂ ಕತ್ತರಿಸಿ ಕೊಡಬಹುದು. ಆದರೆ ಸುಮ್ಮನೆ ಯಾರೂ ಕೊಡುವುದಿಲ್ಲ. ಗಂಡಿನ ಮನೆಯವರಿಗೆ ಹುಡುಗಿ ಒಪ್ಪಿಗೆಯಾದರೆ ಒಂದು ಉಡುಪಿಗೆ ಆಗುವಷ್ಟು ಬಟ್ಟೆ ಕತ್ತರಿಸಿ, ತುಂಡುಗಳನ್ನು ಗಂಟು ಕಟ್ಟಿ ಕಳಿಸುತ್ತಾರೆ. ಹುಡುಗಿ ಅದನ್ನು ಹೊಲಿದು ತೊಟ್ಟುಕೊಂಡರೆ ಒಪ್ಪಿದ ಹಾಗೆ. ಗಂಟು ಬಿಚ್ಚದೆ ವಾಪಸು ಕಳಿಸಿದರೆ ಇಲ್ಲ. ನನಗೆ ಯಾರ ಮನೆಯಿಂದಲೂ ಗಂಟು ಬಂದಿರಲಿಲ್ಲ.

ಅಮ್ಮನ ಹೊಲಿಗೆ ಒಂದಕ್ಕೆ ಮಾತ್ರ ಬೇರೆ ಲೆಕ್ಕ. ಕೊನೆಯ ಹಾಲುಹಲ್ಲು ಬೀಳುವ ತನಕ ಅದು ಮಕ್ಕಳ ಮೈಮೇಲೆ ನಿಲ್ಲುತ್ತದೆ. ನನ್ನ ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು. ಕಾಯಿಲೆ ಬಿದ್ದ ಮೇಲೂ ಅವಳು ಮಂಚದ ಮೇಲೆ ಕೂತು ಎರಡು ಫ್ರಾಕು ಹೊಲಿದಿಟ್ಟಿದ್ದಳು. ನಾನು ಬೆಳೆದಂತೆ ಬಿಚ್ಚಿಕೊಳ್ಳಲಿ ಎಂದು ಅಂಚಿನಲ್ಲಿ ಮೂರು ಮಡಿಕೆ ಬಿಟ್ಟಿದ್ದಳು. ನಾನು ಅವೆರಡನ್ನೇ ಆರನೇ ತರಗತಿಯ ತನಕ ಹಾಕಿಕೊಂಡೆ. ಕೊನೆಯ ಹಲ್ಲು ಅಲುಗಾಡತೊಡಗಿದ್ದು ಯಾರಿಗೂ ಹೇಳಲಿಲ್ಲ. ಇನ್ನೊಂದು ಪಕ್ಕದಲ್ಲಿ ಅಗಿಯುತ್ತಿದ್ದೆ. ಬಾಯಿ ತೆರೆದರೆ ಬಿದ್ದೀತೆಂದು ಮಾತು ಕಡಿಮೆ ಮಾಡಿದೆ. ನಾಲಿಗೆಯಿಂದ ಅದನ್ನು ಒತ್ತಿ ಹಿಡಿದುಕೊಂಡೇ ನಾಲ್ಕು ತಿಂಗಳು ಕಳೆದೆ. ಒಂದು ದಿನ ಮೇಷ್ಟ್ರು, ‘ಎದ್ದು ನಿಂತು ಪಾಠ ಓದು’ ಎಂದರು. ಎರಡನೇ ಸಾಲಿಗೆ ಹಲ್ಲು ಪುಸ್ತಕದ ಮೇಲೆ ಬಿತ್ತು. ಅಮ್ಮನ ಹೊಲಿಗೆ ದೀಪದ ಹೊತ್ತಿಗೂ ಕಾಯುವುದಿಲ್ಲ. ಮೇಷ್ಟ್ರು ತಮ್ಮ ಶಾಲು ಹೊದಿಸಿದರು. ನಾನು ತುಂಡುಗಳನ್ನು ಆಯ್ದುಕೊಂಡು ಮನೆಗೆ ನಡೆದೆ, ಮತ್ತೆ ಶಾಲೆಗೆ ಹೋಗಲಿಲ್ಲ. ಅಮ್ಮನ ಗೆಳತಿ ಸಂಕಮ್ಮ ನನ್ನನ್ನು ಅಂಗಡಿಗೆ ಕರೆದುಕೊಂಡು ಬಂದು, ಹೆಂಗಸರ ಉದ್ದ ಮೇಲಂಗಿಯ ಹದಿನೇಳನೇ ಲಕೋಟೆ ಕೈಗೆ ಕೊಟ್ಟರು. ಹಲ್ಲು ಹೋದರೂ ಮಾತು ಕಡಿಮೆಯೇ ಉಳಿಯಿತು.

ಕಾಗದಗಳು ಹೊರಗಿನ ಊರಿನ ಒಂದು ಕಂಪನಿಯಿಂದ ಬರುತ್ತವೆ. ನಾಲ್ಕು ವರ್ಷದ ಹಿಂದೆ ಹೊಸ ಏಜೆಂಟರಾಗಿ ಇಂದುಧರ ಅವರು ಬಂದರು. ತಿಂಗಳ ಮೊದಲ ಸೋಮವಾರ ಹತ್ತು ಗಂಟೆಯ ಬಸ್ಸಿಗೆ ಬಂದು ನಾಲ್ಕರ ಬಸ್ಸಿಗೆ ಹೋಗುವುದು ಏಜೆಂಟರ ಪದ್ಧತಿ. ಯಾಕೆಂದು ಹಳಬರು ಅವರಿಗೆ ಹೇಳಿರಲಿಲ್ಲವೋ, ಹೇಳಿದ್ದನ್ನು ಅವರು ನಂಬಿರಲಿಲ್ಲವೋ, ಮೊದಲ ಸಲವೇ ಟೀ ಕುಡಿಯುತ್ತಾ ಬಸ್ಸು ತಪ್ಪಿಸಿಕೊಂಡರು. ಅಂಗಡಿಯ ಕಟ್ಟೆಯ ಮೇಲೆ ಕೂತು ನಾಳೆಯ ಬಸ್ಸಿನ ಹೊತ್ತು ಕೇಳುತ್ತಿದ್ದಾಗ ಎದುರಿನ ಮನೆಗಳಲ್ಲಿ ದೀಪ ಬಂತು, ಅವರ ಕಾಲರು ಬಿಚ್ಚಿ ತೊಡೆಯ ಮೇಲೆ ಬಿತ್ತು.

“ಏನಾಗ್ತಿದೆ ಇದು?” ಎಂದರು.

“ನಿಮ್ಮ ದರ್ಜಿ ಊರು ಬಿಟ್ಟು ಹೋಗ್ತಿದಾನೆ ಸಾರ್,” ಎಂದರು ಸಂಕಮ್ಮ. “ಕೂತಿರಿ, ಎದ್ದೇಳಬೇಡಿ. ಮರಿಯಣ್ಣಾ, ಏನಾದ್ರೂ ತಗೊಂಡ್ಬಾರೋ ಬೇಗ.”

ಎದುರಿನ ಸೈಕಲ್ ಅಂಗಡಿಯ ಮರಿಯಣ್ಣ ತನ್ನ ಜಮಖಾನ ತಂದು ಹೊದಿಸಿದ. ಆವತ್ತಿನಿಂದ ಇಡೀ ಊರು ಅವರನ್ನು ಜಮಖಾನದ ಸಾರ್ ಎಂದೇ ಕರೆಯಿತು. ಜನ ನಗುತ್ತಿದ್ದಾಗ ನಾನು ಬಿದ್ದ ತುಂಡುಗಳನ್ನು ಆಯ್ದೆ. ದರ್ಜಿಯ ಅಂಗಿಯಲ್ಲಿ ಹದಿಮೂರು ತುಂಡುಗಳಿದ್ದವು. ಯಾವುದರ ಪಕ್ಕ ಯಾವುದು ಬರಬೇಕೋ ಆ ಕ್ರಮದಲ್ಲೇ ಮಡಿಸಿ, ಗುಂಡಿಗಳನ್ನು ಕಾಗದದಲ್ಲಿ ಸುತ್ತಿ ಮರುದಿನ ಕೊಟ್ಟೆ. ಮುಂದಿನ ತಿಂಗಳು ಬಂದಾಗ ಅವರು, “ನಮ್ಮ ಟೈಲರ್ ಕೇಳಿದ, ಇಷ್ಟು ಚೆನ್ನಾಗಿ ಬಿಚ್ಚಿಕೊಟ್ಟೋರು ಯಾರು ಅಂತ,” ಎಂದರು. ನನ್ನೊಡನೆ ಅವರು ಆಡಿದ ಮೊದಲ ಮಾತು ಅದು. ನಾನು ಗೂಡಿನ ಕಡೆ ತಿರುಗಿಕೊಂಡು ಸರಿಯಾಗಿಯೇ ಇದ್ದ ಲಕೋಟೆಗಳನ್ನು ಸರಿಮಾಡಿದೆ.

ಅವರನ್ನು ಒಂದು ಪ್ರಶ್ನೆ ಕೇಳಲು ನನಗೆ ಒಂದು ವರ್ಷ ಬೇಕಾಯಿತು.

“ಟೈಲರು ನಿಮ್ಮನ್ನ ಮುಟ್ಟಿ ಅಳೀತಾರಾ?”

“ಮುಟ್ಟದೆ ಹೇಗೆ? ಕತ್ತು, ಎದೆ, ತೋಳು, ಎಲ್ಲಾ ಒಂದು ನಿಮಿಷ. ಬರ್ಕೊಂಡ್ಬಿಡ್ತಾನೆ.”

“ಬರ್ದು ಇಟ್ಕೋತಾರಾ?”

“ಪುಸ್ತಕ ಇದೆ ಅವನ ಹತ್ರ. ನನ್ನ ಅಳತೆ ನಂಗೇ ನೆನಪಿಲ್ಲ, ಅವನಿಗಿರುತ್ತೆ.”

ಆ ವಾರವೆಲ್ಲ ನಾನು ಅದನ್ನೇ ಯೋಚಿಸಿದೆ. ನಮ್ಮ ಅಳತೆ ನಮಗೇ ಮರೆತುಹೋದರೂ ಇನ್ನೊಬ್ಬರ ಹತ್ತಿರ ಉಳಿದಿರುವುದು. ನಮ್ಮೂರಿನಲ್ಲಿ ಎಲ್ಲರೂ ತಮ್ಮ ಅಳತೆ ತಾವೇ ತೆಗೆದುಕೊಳ್ಳುತ್ತಾರೆ. ಬೆನ್ನು ಮಾತ್ರ ಯಾರ ಕೈಗೂ ಎಟುಕುವುದಿಲ್ಲ. ಪ್ರತಿ ಲಕೋಟೆಯ ಸೂಚನೆಯ ಹಾಳೆಯಲ್ಲೂ ಎರಡನೇ ಸಾಲು ಅದೇ: ‘ಬೆನ್ನಿನ ಅಗಲವನ್ನು ಇನ್ನೊಬ್ಬರಿಂದ ಅಳೆಸಿಕೊಳ್ಳಿ.’ ನನ್ನ ಬೆನ್ನನ್ನು ಸಂಕಮ್ಮ ಅಳೆಯುತ್ತಾರೆ. ಅಳೆದು ಸಂಖ್ಯೆ ಹೇಳಿ, ಒಲೆಯ ಮೇಲಿನ ಸಾರು ನೋಡಲು ಹೋಗುತ್ತಾರೆ.

ಹೋದ ವರ್ಷದ ಕೊನೆಯಲ್ಲಿ ಇಂದುಧರ ಅವರು ಚೀಲ ಕೆಳಗಿಟ್ಟು ಕೂತರು. ಆಮೇಲೆ ಸಂಕಮ್ಮನಿಗೆ ಹೇಳಿದರು. “ಹೊರಗೆ ಯಾರೂ ಮನೇಲಿ ಹೊಲಿಯಲ್ಲ ಈಗ. ಎಲ್ಲಾ ರೆಡಿಮೇಡು. ನಿಮ್ಮೂರೊಂದಕ್ಕೆ ಅಚ್ಚು ಹಾಕೋಕೆ ಆಗಲ್ಲ ಅಂತಿದಾರೆ ಕಂಪನಿಯವರು. ಇನ್ನು ಮೂರು ಸಲ ಬರ್ತೀನಿ. ಆಮೇಲೆ ಇಲ್ಲ.”

ಸಂಕಮ್ಮ ಗೋಡೆಯ ಗೂಡುಗಳನ್ನು ನೋಡಿದರು. “ಹೋಗ್ಲಿ. ಇರೋ ಕಾಗದಾನೇ ದಪ್ಪ ಹಾಳೆಗೆ ಇಳಿಸ್ಕೊಂಡು ಊರಿಗೆ ಕೊಡೋದು. ಗೆರೆ ಎಳೆಯೋ ಕೈ ಬೇಕು ಅಷ್ಟೆ. ಈ ದೇವೀರಿ ಒಬ್ಬಳ ಕೈಲಾಗಲ್ಲ, ನಂಗೆ ಕಣ್ಣಿಲ್ಲ. ನಿಮಗೆ ಅಲ್ಲಿ ಯಾರಿದಾರೆ?”

“ಒಂದು ಬಾಡಿಗೆ ರೂಮಿದೆ.”

“ಯಾರಿದಾರೆ ಅಂದೆ. ರೂಮು ಜನ ಅಲ್ಲ. ನಮ್ಮ ಮಹಡಿ ಖಾಲಿ ಬಿದ್ದಿದೆ, ಬಂದ್ಬಿಡಿ.”

“ಸಂಜೆ ಮೇಲೆ ಏನು ಹಾಕ್ಕೊಳ್ಳಲಿ ಸಂಕಮ್ಮ, ಜಮಖಾನಾನಾ?”

“ಹೊಲ್ಕೊಳ್ಳಿ. ಊರವರೆಲ್ಲ ಹೊಲ್ಕೊಳ್ಳಲ್ವಾ? ಕಾಗದ ಮಾರೋರಿಗೆ ಅಂಗಿ ಹೊಲಿಯೋಕೆ ಬರಲ್ಲ ಅಂದ್ರೆ ನಗ್ತಾರೆ.”

ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿದರು. “ಒಂದು ಅಂಗಿ ಹೊಲೀತೀನಿ,” ಎಂದರು. “ಅದು ಒಂದು ಸಂಜೆ ನನ್ನ ಮೈಮೇಲೆ ನಿಂತ್ರೆ ರೂಮು ಖಾಲಿ ಮಾಡ್ಕೊಂಡು ಬಂದ್ಬಿಡ್ತೀನಿ. ನಿಲ್ಲದೆ ಹೋದ್ರೆ, ಊರೇ ಬೇಡ ಅಂತು ಅಂದ್ಕೋತೀನಿ.”

“ಕೊಡೇ ದೇವೀರಿ, ನಲವತ್ತೆರಡು,” ಎಂದರು ಸಂಕಮ್ಮ. ಲಕೋಟೆ ಆಗಲೇ ನನ್ನ ಕೈಯಲ್ಲಿತ್ತು.

ಉಳಿದ ಮೂರು ಭೇಟಿಗಳಲ್ಲಿ ಮೊದಲ ಸೋಮವಾರ ಬಟ್ಟೆ ಆರಿಸಿದೆವು. ಅವರು ಚೌಕಳಿಯ ಬಟ್ಟೆ ಹಿಡಿದರು. ನಾನು ಬೇಡವೆಂದು ತಲೆಯಾಡಿಸಿದೆ. ಯಾಕೆಂದು ಕೇಳಿದಾಗ, “ಚೌಕ ಚೌಕ ಸೇರಿಸ್ಬೇಕಾಗುತ್ತೆ. ಮೊದಲ್ನೇ ಸಲ ಆಗಲ್ಲ,” ಎಂದೆ. ಬೂದಿ ಬಣ್ಣದ ಒಂದೇ ಸಮನಾದ ಹತ್ತಿಯ ಬಟ್ಟೆ ತೆಗೆದುಕೊಂಡರು. ತೆಳು ಕಾಗದವನ್ನು ಬಟ್ಟೆಯ ಮೇಲೆ ಹಾಸಿ, ಬಾಣದ ಗುರುತು ಬಟ್ಟೆಯ ಅಂಚಿಗೆ ಸಮವಾಗಿ ಬರುವ ಹಾಗೆ ಗುಂಡುಸೂಜಿ ಚುಚ್ಚುವುದನ್ನು ತೋರಿಸಿದೆ. ಕಾಗದದ ಮೇಲೆ ಮೂರು ಗೆರೆಗಳಿರುತ್ತವೆ, ಸಣ್ಣ, ನಡು, ದೊಡ್ಡ. ಅವರ ಎದೆ ನಡು ಅಳತೆ, ಹೆಗಲು ದೊಡ್ಡದು. ಕತ್ತು, ಎದೆ, ತೋಳನ್ನು ಅವರೇ ಅಳೆದುಕೊಂಡರು. ಆಮೇಲೆ ಹಾಳೆಯ ಎರಡನೇ ಸಾಲು ಓದಿ ಸಂಕಮ್ಮನ ಕಡೆ ನೋಡಿದರು. ಸಂಕಮ್ಮನ ಕೈಯೆಲ್ಲ ಹಿಟ್ಟಾಗಿತ್ತು. “ದೇವೀರಿ, ನೀನೇ ನೋಡೇ,” ಎಂದರು.

ಟೇಪಿನ ಒಂದು ತುದಿಯನ್ನು ಅವರ ಎಡ ಹೆಗಲ ಮೂಳೆಯ ಮೇಲೆ ಒತ್ತಿ ಹಿಡಿದೆ, ಇನ್ನೊಂದನ್ನು ಬಲಕ್ಕೆ ಎಳೆದೆ. ಅವರು ಉಸಿರು ಹಿಡಿದು ನಿಂತರು. “ಉಸಿರಾಡಿ. ಇಲ್ಲಾಂದ್ರೆ ಅಂಗಿ ಬಿಗಿಯಾಗುತ್ತೆ,” ಎಂದೆ. ಅವರು ಉಸಿರು ಬಿಟ್ಟಾಗ ಟೇಪು ನನ್ನ ಬೆರಳ ಕೆಳಗೆ ಅರ್ಧ ಇಂಚು ಸರಿಯಿತು. ಹದಿನೇಳೂವರೆ.

“ಕತ್ತರಿಸಿಯಾದ್ರೂ ನೀವೇ ಕೊಡಿ,” ಎಂದರು ಅವರು. “ಕತ್ತರಿಸಿದ್ರೆ ತೊಂದರೆ ಇಲ್ವಲ್ಲ.”

ಸಂಕಮ್ಮ ಒಳಗಿನಿಂದಲೇ ನಕ್ಕರು. “ನಮ್ಮೂರಲ್ಲಿ ತುಂಡು ಮಾಡಿ ಕೊಟ್ರೆ ಏನರ್ಥ ಗೊತ್ತಾ ಜಮಖಾನದ ಸಾರ್? ಹೊಲ್ಕೊಂಡು ಬಂದು ಸಂಸಾರ ಮಾಡಿ ಅಂತ. ಆಮೇಲೆ ನೀವು ಯಾವ ಬಸ್ಸೂ ಹತ್ತೋಹಾಗಿಲ್ಲ.” ಗಂಟು ಕಳಿಸುವ ಕ್ರಮವನ್ನೆಲ್ಲ ವಿವರವಾಗಿ ಹೇಳಿದರು. ಅವರು ಗಮನವಿಟ್ಟು ಕೇಳಿದರು. ನಾನು ಕತ್ತರಿಯನ್ನು ಅವರ ಕಡೆ ತಳ್ಳಿ ನೆಲ ನೋಡುತ್ತಾ ನಿಂತೆ. ಅವರೇ ಕತ್ತರಿಸಿದರು. ಬೆನ್ನಿನ ತುಂಡಿನ ಎಡ ಹೆಗಲ ಹತ್ತಿರ ಕತ್ತರಿ ಗೆರೆಗಿಂತ ಒಂದು ನೂಲಿನಷ್ಟು ಒಳಗೆ ಹೋಯಿತು. ನಾನು ನೋಡಿದೆ. ಹೇಳಬೇಕಿತ್ತು.

ಮುಂದಿನ ತಿಂಗಳ ಸೋಮವಾರ ಹೆಗಲು, ಪಕ್ಕ, ಜೇಬು ಮುಗಿಸಿದರು. ಅವರು ತುಳಿದರೆ ಮಿಷನ್ನು ಹಿಂದಕ್ಕೆ ತಿರುಗುತ್ತಿತ್ತು, ದಾರ ಗಂಟಾಗುತ್ತಿತ್ತು. ಮರಿಯಣ್ಣ ರಸ್ತೆಯಾಚೆಯಿಂದ, “ಸೈಕಲ್ ಕಲಿಸ್ಕೊಡ್ಲಾ ಸಾರ್, ಮೊದಲು ಪೆಡಲ್ ತುಳಿಯೋದು ಬರುತ್ತೆ,” ಎಂದು ಕೂಗುತ್ತಿದ್ದ. ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ತಪ್ಪಿದ ಹೊಲಿಗೆಯನ್ನು ಬೆಳಕಿಗೆ ಹಿಡಿದು, ಬ್ಲೇಡಿನ ತುದಿಯಿಂದ ಒಂದೊಂದೇ ಕುಣಿಕೆ ಬಿಡಿಸುತ್ತಿದ್ದರು. ನಾನು ಪಕ್ಕದಲ್ಲಿ ನನ್ನ ಮೇಲಂಗಿಯ ಅಂಚು ಹೊಲಿಯುತ್ತಾ ಕೂತಿದ್ದೆ. ಒಂದೇ ಕಿಟಕಿಯ ಬೆಳಕಿನಲ್ಲಿ ಇಬ್ಬರು ಬೇರೆ ಬೇರೆ ಬಟ್ಟೆ ಹೊಲಿಯುವುದು ನಮ್ಮೂರಿನ ಮನೆಮನೆಯಲ್ಲೂ ಇರುವ ನೋಟ. ಗಂಡ ಹೆಂಡಿರು ಹಾಗೇ ಕೂರುತ್ತಾರೆ. ನಾನು ಅದನ್ನು ಬೀದಿಯಿಂದ ಮಾತ್ರ ನೋಡಿದ್ದೆ.

ಮೂರನೇ ತಿಂಗಳ ಸೋಮವಾರ ಕಾಲರು, ತೋಳು, ಗುಂಡಿ. ಕಾಲರು ಹೇಗೋ ಬಂತು. ಬಲತೋಳೂ ಬಂತು. ಎಡತೋಳು ಮಾತ್ರ ಬೆನ್ನಿನ ಕಡೆ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಸುಕ್ಕು ಬಿತ್ತು. ಎರಡು ಸಲ ಬಿಚ್ಚಿ ಹೊಲಿದರು, ಎರಡು ಸಲವೂ ಸುಕ್ಕು. ಕತ್ತರಿ ಒಳಗೆ ಹೋಗಿದ್ದ ಕಡೆ ಅದು. “ಇರಲಿ ಬಿಡಿ, ಸುಕ್ಕಾದ್ರೂ ನನ್ನದೇ ಸುಕ್ಕು,” ಎಂದು ಎದ್ದರು. ಗುಂಡಿ ಹಾಕಿ ಮುಗಿಸಿ, ಊಟಕ್ಕೆಂದು ಸಂಕಮ್ಮನ ಜೊತೆ ಒಳಗೆ ಹೋದರು.

ಅಂಗಿ ಮಿಷನ್ನಿನ ಮೇಲಿತ್ತು. ಒಳಗಿನಿಂದ ತಟ್ಟೆಯ ಸದ್ದು ಬರುತ್ತಿತ್ತು. ಸೂಚನೆಯ ಹಾಳೆಯಲ್ಲಿ, ‘ತೋಳಿನ ಹೆಚ್ಚುವರಿ ಬಟ್ಟೆಯನ್ನು ಎರಡು ಗುರುತುಗಳ ನಡುವೆ ಬೆರಳ ತುದಿಯಿಂದ ಹಂಚಿ’ ಎಂದು ಬರೆದಿದೆ. ನಾನು ಆ ನಾಲ್ಕು ಬೆರಳಿನಷ್ಟು ಬಿಚ್ಚಿದೆ, ಸುಕ್ಕನ್ನು ಹಂಚಿದೆ, ಅದೇ ದಾರದಿಂದ ಹೊಲಿದೆ. ಸುಕ್ಕು ಹೋಯಿತು. ಸಾರಿಗೆ ಒಗ್ಗರಣೆ ಹಾಕುವಷ್ಟು ಹೊತ್ತೂ ಹಿಡಿಯಲಿಲ್ಲ. ನಿಯಮ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಮ್ಮನ ಹೊಲಿಗೆ ನನ್ನ ಮೈಮೇಲೆ ನಿಂತಿದ್ದೂ ಗೊತ್ತಿತ್ತು. ಇದೂ ನಿಂತೀತು ಎಂದುಕೊಂಡೆ. ಇಷ್ಟು ಇಷ್ಟಪಟ್ಟು ಹಾಕಿದ ನಾಲ್ಕು ಬೆರಳಿನ ಹೊಲಿಗೆ ನಿಲ್ಲದೆ ಹೇಗಿದ್ದೀತು ಎಂದುಕೊಂಡೆ.

ಊಟ ಮುಗಿಸಿ ಬಂದು ಅವರು ತೋಳನ್ನು ತಿರುಗಿಸಿ ನೋಡಿದರು. “ಅರೆ, ಅಷ್ಟೇನೂ ಕೆಟ್ಟದಾಗಿ ಬಂದಿಲ್ಲ,” ಎಂದರು. ಅವರ ಮುಖದಲ್ಲಿ ಸಂತೋಷವಿತ್ತು. ನಾನು ದಾರದ ಚೂರುಗಳನ್ನು ಗುಡಿಸಿದೆ.

ನಾಲ್ಕರ ಬಸ್ಸಿನಿಂದ ಕಂಡಕ್ಟರ್ ಚೆಲುವಯ್ಯ ತಲೆ ಹೊರಗೆ ಹಾಕಿ, “ಸಾರ್, ಜಮಖಾನ ಒಗೆದಿಟ್ಟಿದಾರಂತಾ?” ಎಂದ. ಇಂದುಧರ ಅವರು ಕೈಬೀಸಿ ಬಸ್ಸು ಹೋಗಲು ಬಿಟ್ಟರು. ಸಂಕಮ್ಮನ ಗಂಡನ ಹಳೆಯ ಪಂಚೆ ಉಟ್ಟು, ಮೇಲೆ ಬೂದಿ ಬಣ್ಣದ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂತರು. ಜನ ಒಬ್ಬೊಬ್ಬರಾಗಿ ಬಂದರು. ನೋಡಲು ಬಂದದ್ದಲ್ಲ ಎಂಬಂತೆ ಒಬ್ಬರ ಕೈಯಲ್ಲಿ ಗುಂಡಿ ಹಾಕುವ ಕೆಲಸ, ಇನ್ನೊಬ್ಬರ ಕೈಯಲ್ಲಿ ಕಾಜಾ ಕಟ್ಟುವ ಕೆಲಸ. ಮರಿಯಣ್ಣ ಅಂಗಡಿ ಬಾಗಿಲು ಹಾಕಿಯೇ ಬಂದಿದ್ದ. ಕಾಲರಿನ ತುದಿ ಹಿಡಿದು ನೋಡಿ, “ಪರವಾಗಿಲ್ಲ, ಸಾರಿಗೆ ಹೆಣ್ಣು ನೋಡ್ಬಹುದು,” ಎಂದ. ಎಲ್ಲರೂ ನಕ್ಕರು. ಅವರೂ ನಕ್ಕು, ಯಾಕೋ ನನ್ನ ಕಡೆ ನೋಡಿದರು. ನಾನು ಬಾಗಿಲ ಹಿಂದೆ ಅರ್ಧ ಕಾಣುವ ಹಾಗೆ ನಿಂತಿದ್ದೆ.

ಎದುರಿನ ಮನೆಗಳಲ್ಲಿ ದೀಪ ಬಂತು. ಕಾಲರು ನಿಂತಿತು. ಗುಂಡಿಗಳು ನಿಂತವು. ಬಲತೋಳು ನಿಂತಿತು. ಎಡತೋಳಿನ ಹಿಂದೆ ದಾರದ ತುದಿ ಇರುವೆಯ ಮೀಸೆಯಂತೆ ಹೊರಗೆ ಬಂದದ್ದನ್ನು ಮೊದಲು ನೋಡಿದವಳು ನಾನು. ಆಮೇಲೆ ಅದು ಸರಸರನೆ ಬಂತು. ನಾಲ್ಕು ಬೆರಳಿನಷ್ಟು ಬಾಯಿ ಬಿಟ್ಟು ಒಳಗಿನ ಮೈ ಕಂಡಿತು. ಅಲ್ಲಿಗೆ ನಿಂತಿತು.

“ಅಲ್ನೋಡಿ,” ಎಂದ ಮರಿಯಣ್ಣ. “ತೋಳು ಬೇರೆಯವರ ಕೈಲಿ ಹೊಲಿಸ್ಕೊಂಡಿದಾರೆ. ಕಷ್ಟ ಬಂದ ಕಡೆ ಪಟ್ಟಣದ ಬುದ್ಧಿ ತೋರ್ಸಿದ್ರಲ್ಲ ಸಾರ್.”

“ಇಲ್ಲಪ್ಪ. ಎಲ್ಲಾ ನಾನೇ ಹೊಲಿದದ್ದು.” ಅವರು ಕೈ ಹಿಂದೆ ಮಾಡಿ ತೋಳು ಮುಟ್ಟಿ ನೋಡಿಕೊಂಡರು. “ದೇವೀರಿಯವರನ್ನ ಕೇಳಿ. ಅವರ ಮುಂದೇನೇ ಹೊಲಿದದ್ದು.”

ಎಲ್ಲರೂ ಬಾಗಿಲ ಕಡೆ ತಿರುಗಿದರು. ಹೇಳಬೇಕಾದದ್ದು ಒಂದೇ ಸಾಲು. ಆ ಸಾಲು ಹೇಳಿದರೆ, ಗಂಡಸಿನ ಅಂಗಿಗೆ ಕದ್ದು ಕೈ ಹಾಕಿದವಳು ಯಾಕೆ ಹಾಕಿದಳು ಎಂದು ಇಡೀ ಕಟ್ಟೆಗೆ ತಿಳಿಯುತ್ತಿತ್ತು. ಅವರು ಕಳ್ಳರಲ್ಲ ಎಂದಾದರೂ ಹೇಳೋಣವೆಂದು ಬಾಯಿ ತೆರೆದೆ.

“ಹೌದು,” ಎಂದೆ. “ಅವರೇ ಹೊಲಿದದ್ದು.”

ಯಾರೂ ಅನುಮಾನ ಪಡಲಿಲ್ಲ. ನಾನು ಸುಳ್ಳು ಹೇಳಿದ್ದನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ, ಮಾತಾಡಿದ್ದನ್ನೇ ಕೇಳಿದವರು ಕಡಿಮೆ. “ಹಂಗಾದ್ರೆ ತಪ್ಪಾಯ್ತು ಸಾರ್,” ಎಂದ ಮರಿಯಣ್ಣ. ತಾನೇ ಹೊಲಿದದ್ದು ತನ್ನ ಮೈಮೇಲೆ ಬಿಚ್ಚಿದ್ದನ್ನು ನಮ್ಮೂರಿನಲ್ಲಿ ಯಾರೂ ನೋಡಿರಲಿಲ್ಲ. ಹಿಂದಿನಿಂದ ಒಬ್ಬ ಮುದುಕಿ ಮೆಲ್ಲಗೆ, “ಅವರ ಕೈಯೇ ನಮ್ಮೂರಿಗೆ ಬೇರೆ ಕೈ ಇರ್ಬೇಕು ಪಾಪ,” ಎಂದಳು.

“ನಾಲ್ಕೇ ಬೆರಳು,” ಎಂದರು ಇಂದುಧರ. “ಆದ್ರೂ ಹೇಳ್ಬೇಕಾದ್ದು ಹೇಳ್ತು.”

ಆಗಿನಿಂದ ಮರುದಿನ ಹತ್ತು ಗಂಟೆಯ ಬಸ್ಸು ವಾಪಸು ಹೊರಡುವವರೆಗೂ ನನಗೆ ಸಮಯವಿತ್ತು. ಆ ಒಂದು ಸಾಲನ್ನು ಹಿಂದೆ ಹಲ್ಲನ್ನು ಹಿಡಿದ ಹಾಗೆ ನಾಲಿಗೆಯಿಂದ ಒತ್ತಿ ಹಿಡಿದುಕೊಂಡೆ. ಬೆಳಿಗ್ಗೆ ಅವರು ಚೀಲದಲ್ಲಿದ್ದ ದರ್ಜಿಯ ಅಂಗಿ ತೊಟ್ಟು, ಬೂದಿ ಬಣ್ಣದ್ದನ್ನು ಮಡಿಸಿ ಮಿಷನ್ನಿನ ಮೇಲಿಟ್ಟರು. “ಇಲ್ಲೇ ಇರಲಿ ಇದು. ನಿಮ್ಮ ಶ್ರಮ ಹಾಳು ಮಾಡ್ದೆ. ನೀವು ಚೆನ್ನಾಗೇ ಕಲಿಸಿದ್ರಿ, ತಪ್ಪು ನಿಮ್ಮದಲ್ಲ,” ಎಂದರು. ನಾನು ತಲೆಯಾಡಿಸಿದೆ. ಹೌದೆಂದೋ ಇಲ್ಲವೆಂದೋ ನನಗೇ ಗೊತ್ತಾಗಲಿಲ್ಲ. ಬಸ್ಸು ಹೋಯಿತು.

ಆಮೇಲೆ ಮೊದಲ ಸೋಮವಾರಗಳು ಬರೀ ಸೋಮವಾರಗಳಾದವು. ನಾನು ಒಬ್ಬಳೇ ಕಾಗದಗಳನ್ನು ದಪ್ಪ ಹಾಳೆಗೆ ಇಳಿಸತೊಡಗಿದೆ. ಒಂದು, ಎರಡು, ಮೂರು. ಹದಿನೇಳು ಮುಗಿದ ಮೇಲೆ ಕ್ರಮ ತಪ್ಪಿಸಿ ನಲವತ್ತೆರಡಕ್ಕೆ ಹೋದೆ. ಬೆನ್ನಿನ ತುಂಡಿನ ಗೆರೆ ಎಳೆಯುವಾಗ ಪೆನ್ಸಿಲು ಎಡ ಹೆಗಲ ಹತ್ತಿರ ತಾನಾಗಿ ಒಂದು ನೂಲು ಒಳಗೆ ಹೋಯಿತು. ಅಳಿಸಿ ಮತ್ತೆ ಎಳೆದೆ. ಅವರ ಅಂಗಿಯನ್ನು ನಲವತ್ತೆರಡರ ಗೂಡಿನಲ್ಲೇ ಎತ್ತಿಟ್ಟಿದ್ದೆ. ಅದನ್ನು ತೆಗೆದು, ಬಾಯಿ ಬಿಟ್ಟಿದ್ದ ಆ ನಾಲ್ಕು ಬೆರಳನ್ನು ಮತ್ತೆ ಹೊಲಿದೆ. ನಾಲ್ಕರ ಬಸ್ಸಿನ ಹಾರನ್ನು ಕೇಳಿಸಿದಾಗ ಒಳಕೋಣೆಗೆ ಹೋಗಿ, ನನ್ನ ಮೇಲಂಗಿಯ ಮೇಲೆ ಅದನ್ನು ತೊಟ್ಟುಕೊಂಡೆ.

ಹೆಗಲು ನನಗೆ ಜಾರುತ್ತಿತ್ತು. ತೋಳು ಮೊಣಕೈ ದಾಟಿತ್ತು. ಇನ್ನೊಬ್ಬರು ಹೊಲಿದದ್ದನ್ನು ಮೈಮೇಲೆ ಹಾಕಿಕೊಂಡು ಹನ್ನೊಂದು ವರ್ಷವಾಗಿತ್ತು. ಅವರ ಹೊಲಿಗೆ ನೇರವಿರಲಿಲ್ಲ. ಪಕ್ಕದ ಮೇಲೆ ಬೆರಳಾಡಿಸಿದರೆ ಎಲ್ಲಿ ಅವರ ಕಾಲು ತಪ್ಪಿತ್ತು, ಎಲ್ಲಿ ಮರಿಯಣ್ಣನ ಮಾತಿಗೆ ನಕ್ಕಿದ್ದರು ಎಂದು ತಿಳಿಯುತ್ತಿತ್ತು. ದೀಪದ ಹೊತ್ತಾಯಿತು. ಗುಂಡಿಗಳು ಒಂದೊಂದಾಗಿ ನೆಲಕ್ಕೆ ಬಿದ್ದು ಉರುಳಿದವು. ಕಾಲರು ಕಳಚಿತು. ಜೇಬು ಎಲೆಯಂತೆ ಇಳಿಯಿತು. ಪಕ್ಕ, ಹೆಗಲು, ಬಲತೋಳು. ನಾನು ಅಲುಗಾಡದೆ ಕೂತಿದ್ದೆ, ಒಂದೊಂದೂ ನನ್ನನ್ನು ಬಿಟ್ಟು ಹೋಗುವುದು ತಿಳಿಯಲಿ ಎಂದು. ಕೊನೆಗೆ ಎಡತೋಳು ಉಳಿಯಿತು. ಅದು ಬೀಳಲಿಲ್ಲ. ಬೆನ್ನಿನ ತುಂಡಿಗೆ ನಾಲ್ಕು ಬೆರಳಿನಷ್ಟು ಹೊಲಿಗೆಯಿಂದ ಅಂಟಿಕೊಂಡು ನನ್ನ ಹೆಗಲ ಮೇಲೇ ತೂಗಿತು. ಅದು ನಾನು ಹೊಲಿದದ್ದಲ್ಲವೇ.

ಸಂಕಮ್ಮ ದೀಪ ಹಿಡಿದು ಬಂದು ಬಾಗಿಲಲ್ಲೇ ನಿಂತರು. ನೆಲದ ಮೇಲಿನ ತುಂಡುಗಳನ್ನೂ ಹೆಗಲ ಮೇಲಿದ್ದುದನ್ನೂ ನೋಡಿದರು.

“ಆ ಎಡತೋಳು ಅಷ್ಟು ನುಣ್ಣಗೆ ಬಂದಾಗ್ಲೇ ನಂಗೆ ಗೊತ್ತಾಯ್ತು,” ಎಂದರು.

“ಆವತ್ತೇ ಯಾಕೆ ಹೇಳ್ಲಿಲ್ಲ ಅಕ್ಕ?”

“ನೀನು ಹೇಳ್ತೀಯ ಅಂತ ಕಾದೆ.”

ನಾನು ತುಂಡುಗಳನ್ನು ಆಯ್ದು ಮಡಿಸಿದೆ. ಯಾವುದರ ಪಕ್ಕ ಯಾವುದು ಬರಬೇಕೋ ಆ ಕ್ರಮದಲ್ಲಿ. ಗುಂಡಿಗಳನ್ನು ಕಾಗದದಲ್ಲಿ ಸುತ್ತಿದೆ. ಬಟ್ಟೆಯ ಚೌಕದಲ್ಲಿಟ್ಟು ಗಂಟು ಕಟ್ಟುವಾಗ ಸಂಕಮ್ಮ ಪಕ್ಕದಲ್ಲಿ ಕೂತರು. “ಗಂಟು ಕಳಿಸೋದು ಗಂಡಿನ ಕಡೆಯವರು ಕಣೇ.”

“ಗೊತ್ತು.”

“ಗೊತ್ತಿದ್ದೂ ಕಟ್ತಿದೀಯಲ್ಲ.”

“ಯಾವ ಹಾಳೇಲೂ ಬರೆದಿಲ್ಲವಲ್ಲ ಅಕ್ಕ, ಯಾರು ಕಳಿಸ್ಬೇಕು ಅಂತ.”

ಅವರು ಗಂಟನ್ನು ತಮ್ಮ ಕಡೆ ಎಳೆದುಕೊಂಡು, ಸಡಿಲವಾಗಿದ್ದ ತುದಿಯನ್ನು ಇನ್ನೊಮ್ಮೆ ಬಿಗಿದು ನನಗೆ ವಾಪಸು ಕೊಟ್ಟರು.

ಮರುದಿನ ನಾಲ್ಕರ ಬಸ್ಸಿನ ಹತ್ತಿರ ಹತ್ತು ಹನ್ನೆರಡು ಜನ ಇದ್ದರು. ಮರಿಯಣ್ಣನೂ ಇದ್ದ. ಚೆಲುವಯ್ಯ ಗಂಟು ಕೈಗೆ ತೆಗೆದುಕೊಂಡು ತೂಗಿದ. “ಜಮಖಾನದ ಸಾರಿಗಾ? ಏನಿದೆ ತಾಯಿ ಇದ್ರಲ್ಲಿ?”

“ಅಂಗಿಯ ತುಂಡು.”

“ತುಂಡು ಯಾರು ಕಳಿಸ್ತಿರೋದು?” ಎಂದು ಮರಿಯಣ್ಣ ಹತ್ತಿರ ಬಂದ.

“ನಾನು,” ಎಂದೆ. ನನ್ನ ಕಿವಿಗಳು ಬಿಸಿಯಾಗಿದ್ದವು. “ಮರಿಯಣ್ಣ, ಆವತ್ತು ಬಿಚ್ಚಿದ್ದು ನಾನು ಹೊಲಿದದ್ದು. ಅವರು ಊಟಕ್ಕೆ ಹೋದಾಗ ನಾಲ್ಕು ಬೆರಳು ನಾನು ಹೊಲಿದೆ. ಅವರಿಗೆ ಗೊತ್ತಿಲ್ಲ. ಆವತ್ತು ನಾನು ಹೇಳಿದ್ದು ಸುಳ್ಳು.”

ಹುಟ್ಟಿದಾಗಿನಿಂದ ನಾನು ಒಂದೇ ಉಸಿರಿಗೆ ಅಷ್ಟು ಮಾತಾಡಿರಲಿಲ್ಲ. ಮರಿಯಣ್ಣ ನನ್ನನ್ನೂ ಗಂಟನ್ನೂ ನೋಡಿದ. ಅವನು ಗೇಲಿ ಮಾಡುತ್ತಾನೆಂದು ಕಾದೆ.

“ಹಂಗಾದ್ರೆ ಉಳಿದದ್ದೆಲ್ಲ ನಿಂತಿತ್ತಲ್ಲ,” ಎಂದ. “ಅವರ ಕೈಯದ್ದು.”

“ಹೂಂ. ಉಳಿದದ್ದೆಲ್ಲ ನಿಂತಿತ್ತು.”

“ಚೆಲುವಯ್ಯ, ಅದನ್ನ ಅವರಿಗೆ ಹೇಳ್ಬಿಡು. ಮರೀಬೇಡ,” ಎಂದು ಮರಿಯಣ್ಣ ಬಸ್ಸಿನ ಮೈಯನ್ನು ಎರಡು ಸಲ ತಟ್ಟಿದ. ಬಸ್ಸು ಹೊರಟಿತು.

ಎಂಟು ದಿನ ಚೆಲುವಯ್ಯನ ಸರದಿ ಬೇರೆ ದಾರಿಯಲ್ಲಿತ್ತು. ಒಂಬತ್ತನೆಯ ದಿನ ಹತ್ತರ ಬಸ್ಸಿನಿಂದ ಇಳಿದು ಅವನು ನೇರ ಅಂಗಡಿಗೆ ಬಂದ. ನಾನು ಗೂಡಿನ ಕಡೆ ತಿರುಗಿಕೊಳ್ಳದೆ ನಿಂತೆ.

“ಕೊಟ್ಟೆ ತಾಯಿ. ಬಸ್‌ಸ್ಟ್ಯಾಂಡಲ್ಲೇ ಬೆಂಚಿನ ಮೇಲೆ ಗಂಟು ಬಿಚ್ಚಿದ್ರು. ಆ ತೋಳೂ ಬೆನ್ನೂ ಅಂಟ್ಕೊಂಡಿತ್ತಲ್ಲ, ಅದನ್ನೇ ತುಂಬಾ ಹೊತ್ತು ಹಿಡ್ಕೊಂಡು ನೋಡಿದ್ರು. ನೀವು ಹೇಳಿದ್ದನ್ನೆಲ್ಲ ಹೇಳ್ದೆ.”

“ಏನಂದ್ರು?”

“ಸೂಜಿ ಇದೆಯಾ ಅಂತ ನನ್ನ ಕೇಳಿದ್ರು.”

“ನೀವೇನಂದ್ರಿ?”

“ಬಸ್ಸಲ್ಲಿ ಸೂಜಿ ಎಲ್ಲಿಂದ ತರ್ಲಿ ತಾಯಿ. ಟಿಕೆಟ್ ಚುಚ್ಚೋ ಕತ್ತರಿ ಇದೆ, ಬೇಕಾ ಅಂದೆ.”

ಸಂಕಮ್ಮ ಒಳಗೆ ನಗುವುದು ಕೇಳಿಸಿತು. ಚೆಲುವಯ್ಯ ನೀರು ಕುಡಿದು ಹೋದ.

ಅದಾಗಿ ಇಪ್ಪತ್ತಾರು ದಿನವಾಗಿದೆ. ಅವರ ರೂಮಿನಲ್ಲಿ ಮಿಷನ್ನಿಲ್ಲ, ಕೈಯಲ್ಲೇ ಹೊಲಿಯಬೇಕು. ಮೊದಲು ನನ್ನ ನಾಲ್ಕು ಬೆರಳನ್ನು ಬಿಚ್ಚಬೇಕು. ಹೆಗಲಿಗೆ ಎರಡು ಸಂಜೆ ಎಂದುಕೊಂಡರೂ ಪಕ್ಕಕ್ಕೆ ನಾಲ್ಕು ಬೇಕು. ಕಾಲರಿಗೆ ಎಷ್ಟೋ. ಎಡತೋಳು ಅವರಿಗೆ ಎರಡು ಸಲ ತಪ್ಪುತ್ತದೆ, ಮೂರನೇ ಸಲ ಸುಕ್ಕಿರಲಿ ಎಂದು ಬಿಡಬೇಕು. ಅವರ ಕೈ ನಿಧಾನ. ಹತ್ತರ ಬಸ್ಸು ಬಂದಾಗ ನಾನು ಪೆನ್ಸಿಲು ಕೆಳಗಿಡುತ್ತೇನೆ, ಇಳಿಯುವವರೆಲ್ಲ ಇಳಿದ ಮೇಲೆ ಮತ್ತೆ ಎತ್ತಿಕೊಳ್ಳುತ್ತೇನೆ. ಅಂಗಿ ಎಲ್ಲಾದರೂ ಬಿಗಿಯಾಗಿ, ಇನ್ನೊಮ್ಮೆ ಅಳೆಯಬೇಕಾಗಿ ಬಂದರೆ ಅವರು ಏನು ಮಾಡುತ್ತಾರೋ ಎಂದು ಒಮ್ಮೊಮ್ಮೆ ಯೋಚನೆಯಾಗುತ್ತದೆ. ಅವರ ಅಳತೆ ಅವರಿಗೆ ನೆನಪಿರುವುದಿಲ್ಲ. ಬೆನ್ನು ಹದಿನೇಳೂವರೆ, ಉಸಿರು ಬಿಟ್ಟಾಗ. ನಾನು ಅದನ್ನು ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ.